ಒಂಬತ್ತನೇ ನಂಬರ್

ಬ್ಯಾಸ್ಕೆಟ್‌ಬಾಲ್ ಪಂದ್ಯದ ಫಲಿತಾಂಶ ಎಂದಿನಂತೆ ಆಟದ ಹಿಂದಿನ ದಿನವೇ ಮಂಡ್ಯದ ಕಾಲೇಜಿಗೆ ಬಂತು. ಅರವತ್ತೆಂಟು–ಅರವತ್ತು, ಗೆಲುವು ಮಂಡ್ಯದವರದೇ. ಕೆಳಗೆ ಇನ್ನೊಂದು ಸಾಲಿತ್ತು: ಮೂರನೇ ಕ್ವಾರ್ಟರಿನಲ್ಲಿ ಒಂಬತ್ತನೇ ನಂಬರಿನ ನಂದೀಶ ಬೀಳುತ್ತಾನೆ, ಮತ್ತೆ ಏಳುವುದಿಲ್ಲ.

ಕೋಚ್ ಜವರಯ್ಯ ಅವನನ್ನು ತಂಡದಿಂದ ಕೈಬಿಡಲಿಲ್ಲ. ಹೋದ ವರ್ಷ ಹಾಗೆ ಕೈಬಿಟ್ಟಿದ್ದ ಹುಡುಗ ಫಲಿತಾಂಶದಲ್ಲಿದ್ದ ಹೊತ್ತಿಗೇ ಮನೆಯಲ್ಲಿ ಬಿದ್ದು ಸತ್ತಿದ್ದ.

"ಇವತ್ತು ಬಾಲು ಬ್ಯಾಡ, ಸ್ಟ್ರೆಚರ್ ತನ್ನಿ," ಎಂದರು.

ನಂದೀಶ ತಾನೇ ಹೋಗಿ ಅದರ ಮೇಲೆ ಮಲಗಿದ. ನಾಲ್ವರು ಅವನನ್ನು ಹೊತ್ತು, ನಾಳೆ ಆಂಬುಲೆನ್ಸ್ ನಿಲ್ಲುವ ಗೇಟಿನವರೆಗೆ ಓಡಿದರು. ಜವರಯ್ಯ ಸ್ಟಾಪ್‌ವಾಚ್ ನೋಡಿ ಮತ್ತೆ ಓಡಿಸಿದರು, ಮತ್ತೂ ಓಡಿಸಿದರು.

"ಸಾಕು, ಎದ್ದೇಳ್ಲಾ ಮಗ."

ನಂದೀಶ ಎದ್ದು ಕೂತು ಶೂ ಲೇಸು ಬಿಗಿದುಕೊಂಡ.

"ನಾಳೆ ಎದ್ದೇಳು ಅನ್ಬ್ಯಾಡಿ ಸಾ. ನಮ್ಮವ್ವ ನೋಡಕ್ಕೆ ಬತ್ತಳೆ. ಎದ್ದಾನು ಅಂತ ಕಾಯ್ತಾ ಕೂತ್ಕತಳೆ."