ಯಜಮಾನರು ಇದ್ದಾರಾ?

“ಯಜಮಾನರು ಇದ್ದಾರಾ?”

ಬಾರಿನ ಗಲ್ಲಾದ ಹಿಂದೆ ಕುಳಿತಿದ್ದವಳು ಥಟ್ಟನೆ ಎದ್ದು ನಿಂತು, “ಇಲ್ಲ ಮೇಡಂ, ಬ್ಯಾಂಕಿಗೆ ಹೋಗಿದ್ದಾರೆ. ಬರೋದು ತಡ ಆಗುತ್ತೆ” ಎಂದುಬಿಟ್ಟಳು.

ಮೂಲೆಯ ಮೇಜಿನಲ್ಲಿ ಕುಡಿಯುತ್ತಿದ್ದ ಪೇಂಟರ್ ಪಕ್ಕನೆ ನಕ್ಕ. ಪ್ರಶ್ನೆ ಕೇಳಿದ ಅಬಕಾರಿ ಇನ್‌ಸ್ಪೆಕ್ಟರಮ್ಮ ನಗಲಿಲ್ಲ. ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದ ಲೈಸೆನ್ಸನ್ನು ನೋಡಿದರು, ಆಮೇಲೆ ಇವಳನ್ನು ನೋಡಿದರು. “ಇದರಲ್ಲಿರೋ ಫೋಟೋ ನಿಮ್ಮದೇ ಅಲ್ವಾ?”

ಅವಳು ನಾಲಿಗೆ ಕಚ್ಚಿಕೊಂಡಳು. ಒಬ್ಬರಿಗೆ ಒಂದೇ ಲೈಸೆನ್ಸ್ ಎಂಬ ನಿಯಮವಿದ್ದುದರಿಂದ ಗಂಡ ಬಸ್ ಸ್ಟ್ಯಾಂಡಿನ ಬಾರನ್ನು ತನ್ನ ಹೆಸರಿನಲ್ಲೂ ಇದನ್ನು ಅವಳ ಹೆಸರಿನಲ್ಲೂ ತೆಗೆದಿದ್ದ. ಅವನು ಬೆರಳಿಟ್ಟು ತೋರಿಸಿದ ಕಡೆ ಅವಳು ಸಹಿ ಹಾಕಿದ್ದಳು, ಅಷ್ಟೇ. ಈಗ ಕಾನೂನು ಬದಲಾಗಿತ್ತು. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರೇ ಕೂತು ವ್ಯಾಪಾರ ನಡೆಸಬೇಕು. ಹೆಸರು ಒಬ್ಬರದು, ದರ್ಬಾರು ಇನ್ನೊಬ್ಬರದು ಎಂದು ಕಂಡರೆ ಬಾಗಿಲಿಗೆ ಬೀಗ. ಅದಕ್ಕೇ ಒಂದು ವಾರದಿಂದ ಗಂಡ ಅವಳಿಗೆ ಎಲ್ಲವನ್ನೂ ಅರೆದು ಕುಡಿಸಿದ್ದ. ಯಾವ ಬಾಟಲಿ ಯಾವ ಸಾಲಿನಲ್ಲಿ, ಯಾರಿಗೆ ಕೊಡಬಾರದು, ಬಾಗಿಲು ಹಾಕುವುದು ಯಾವಾಗ. ಈಗ ತಾನು ಹಿಂದಿನ ಗೋಡೌನಿನಲ್ಲಿ ಪೆಟ್ಟಿಗೆಗಳ ನಡುವೆ ಉಸಿರು ಬಿಗಿಹಿಡಿದು ಕೂತಿದ್ದ. ಆದರೆ ‘ಯಜಮಾನರು’ ಎಂದರೆ ಇವತ್ತಿನ ಮಟ್ಟಿಗೆ ನೀನು ಎಂದು ಹೇಳಿಕೊಡುವುದನ್ನು ಮರೆತಿದ್ದ. ಮದುವೆಯಾದ ಲಾಗಾಯ್ತು ಬಾಗಿಲಿಗೆ ಬಂದವರೆಲ್ಲ ಆ ಮಾತಿನಲ್ಲಿ ಕೇಳಿದ್ದು ಅವನನ್ನೇ. ಅವನ ಹೆಸರು ಹಿಡಿಯಬಾರದೆಂದು ಅವಳು ಊರಿಗೆಲ್ಲ ಹೇಳಿಕೊಂಡು ಬಂದದ್ದೂ ‘ನಮ್ಮ ಯಜಮಾನರು’ ಎಂದೇ.

“ಅಂದ್ರೆ... ನಮ್ಮನೆಯವರು ಬ್ಯಾಂಕಿಗೆ ಹೋಗಿದ್ದಾರೆ ಅಂದೆ. ಅಂಗಡಿ ನಂದೇ ಮೇಡಂ.”

“ಸರಿ. ಯಾರ್ಯಾರಿಗೆ ಕೊಡಬಾರದು ಹೇಳಿ.”

ಹೇಳಿದಳು. ಬಾಗಿಲು ಹಾಕುವ ಹೊತ್ತನ್ನೂ ಹೇಳಿದಳು. ಗಿಣಿಪಾಠ ಎಲ್ಲೂ ತಪ್ಪಲಿಲ್ಲ. ಇನ್‌ಸ್ಪೆಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿ, ಕುರ್ಚಿ ಎಳೆದುಕೊಂಡು ಕುಳಿತರು. “ನಾನು ಹೋದಲ್ಲೆಲ್ಲ ಹೆಂಗಸರು ಇದನ್ನ ಚೆನ್ನಾಗಿ ಬಾಯಿಪಾಠ ಮಾಡಿದ್ದಾರೆ. ಬೇರೆ ಒಂದೇ ಒಂದು ಹೇಳಿ, ಸಾಕು. ಈ ಅಂಗಡೀಲಿ ನೀವಾಗಿ ತೀರ್ಮಾನ ಮಾಡಿದ್ದು ಏನು? ಎಷ್ಟು ಸಣ್ಣದಾದ್ರೂ ಪರವಾಗಿಲ್ಲ.”

ಅವಳು ಸುತ್ತ ನೋಡಿದಳು. ಮೇಜು, ಫ್ಯಾನು, ಗೋಡೆಯ ಬಣ್ಣ, ಕಿಟಕಿಯ ಪರದೆ. ಪರದೆ ನಾನು ಆರಿಸಿದ್ದು ಎನ್ನಬಹುದಿತ್ತು, ಸುಳ್ಳೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆನ್ನಲು ಬಾಯಿ ಬರಲಿಲ್ಲ. ಅಂಗಡಿ ಹಾಳಾಗಲಿ, ಮನೆಯಲ್ಲಾದರೂ ತಾನಾಗಿ ತೀರ್ಮಾನ ಮಾಡಿದ್ದು ಏನೆಂದು ಮನಸ್ಸು ಹುಡುಕತೊಡಗಿತು. ದಿನದ ಅಡುಗೆ ಏನೆಂಬುದು ತನ್ನ ಕೈಯಲ್ಲೇ ಇದೆ ಎಂದುಕೊಂಡಿದ್ದಳು. ಯೋಚಿಸಿದರೆ ಅದೂ ಅವನಿಗೆ ಒಗ್ಗದ್ದನ್ನೆಲ್ಲ ಬಿಟ್ಟು ಉಳಿದದ್ದರಲ್ಲಿ. ಇನ್‌ಸ್ಪೆಕ್ಟರಮ್ಮ ಕಾಯುತ್ತಲೇ ಇದ್ದರು.

“ಅತ್ತಿಗೆ, ಇನ್ನೊಂದು ಪೆಗ್ ಕೊಡಿ ಇಲ್ಲಿ” ಎಂದು ಪೇಂಟರ್ ಎದ್ದು ಬಂದು ಗಲ್ಲಾದ ಮೇಲೆ ಗ್ಲಾಸಿಟ್ಟ. ಇಟ್ಟ ಗ್ಲಾಸು ಕಟಕಟ ಎಂದಿತು, ಕೈ ನಡುಗುತ್ತಿತ್ತು. ಅವನ ಅಂಗಿಯ ಮೇಲೆ ಹಸಿ ನೀಲಿ ಬಣ್ಣದ ಚುಕ್ಕಿಗಳಿದ್ದವು. ಹೊರಗೆ ಎದುರು ಕಟ್ಟಡಕ್ಕೆ ಅವನ ಉದ್ದನೆಯ ಏಣಿ ಒರಗಿತ್ತು, ಅದರ ತುದಿಯಲ್ಲಿ ಅರ್ಧ ಬರೆದ ಬೋರ್ಡು.

“ಇಲ್ಲ” ಎಂದಳು. “ಇವತ್ತಿಗೆ ಸಾಕು. ಊಟ ಮಾಡಿ ಒಂದು ನಿದ್ದೆ ತೆಗೀರಿ.”

“ಯಾಕೆ? ನಾನೇನಾದ್ರೂ ಗಲಾಟೆ ಮಾಡಿದ್ನಾ?”

“ಗಲಾಟೆ ಆದ್ರೆ ನೆಲದ ಮೇಲೆ ಆಗುತ್ತೆ, ಪರವಾಗಿಲ್ಲ. ನೀವು ಇದೇ ಕೈಯಲ್ಲಿ ಏಣಿ ಹತ್ತೋರು.”

“ಅಣ್ಣ ಇದ್ದಿದ್ರೆ ಕೇಳೋ ಮುಂಚೆನೇ ಬಗ್ಗಿಸಿರೋರು!”

“ಅಣ್ಣನ ಅಂಗಡಿ ಬಸ್ ಸ್ಟ್ಯಾಂಡ್ ಹತ್ರ ಇದೆ, ಅಲ್ಲಿಗೆ ಹೋಗಿ. ಇದು ನಂದು.”

ಸ್ವಲ್ಪ ಹೊತ್ತಿನ ಮುಂಚೆ ಇನ್‌ಸ್ಪೆಕ್ಟರಮ್ಮನಿಗೆ ಹೇಳಿದ್ದೂ ಇದೇ ಮಾತು. ಆಗ ಅದು ಗಂಟಲಿನಿಂದ ಬಂದಿತ್ತು. ಈಗ ಎಲ್ಲಿಂದ ಬಂತೆಂದು ತಿಳಿಯದೆ ಅವಳು ಗಲ್ಲಾದ ಅಂಚನ್ನು ಹಿಡಿದುಕೊಂಡಳು.

ಇನ್‌ಸ್ಪೆಕ್ಟರಮ್ಮ ಮತ್ತೇನೂ ಕೇಳಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ತಪಾಸಣೆಯ ಪುಸ್ತಕಕ್ಕೆ ಸಹಿ ಹಾಕಿದರು. ಹೊಸ್ತಿಲ ಹತ್ತಿರ ನಿಂತು ಗೋಡೌನಿನ ಬಾಗಿಲ ಕಡೆ ಒಮ್ಮೆ ನೋಡಿ, “ನಿಮ್ಮ ಮನೆಯವರು ಬ್ಯಾಂಕಿನಿಂದ ಹೊರಗೆ ಬಂದ್ರೆ ನಮಸ್ಕಾರ ಹೇಳಿ” ಎಂದು ಹೊರಟರು.

ಜೀಪಿನ ಸದ್ದು ತಿರುವಿನಲ್ಲಿ ಅಡಗಿದ ಮೇಲೆ ಗಂಡ ತಲೆಗೆಲ್ಲ ಜೇಡರ ಬಲೆ ಮೆತ್ತಿಕೊಂಡು ಹೊರಬಂದ. ಖುಷಿಗೆ ಮುಖ ಊರಗಲವಾಗಿತ್ತು. “ಭಲೆ! ಏನು ನಾಟಕ ಆಡಿದೆ ಮಾರಾಯ್ತಿ! ಒಳಗೆ ಕೂತಿದ್ದ ನಾನೇ ನಂಬಿಬಿಟ್ಟೆ.” ಹೇಳುತ್ತಲೇ ಸಾಲಿನಿಂದ ಬಾಟಲಿ ಎಳೆದು ಪೇಂಟರನ ಗ್ಲಾಸಿಗೆ ಬಗ್ಗಿಸಹೋದ. “ತಗೊಳಪ್ಪಾ, ಬೇಜಾರು ಮಾಡ್ಕೋಬೇಡ.”

ಅವಳು ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿದಳು.

ಗಂಡ ನಕ್ಕ. “ಅವರು ಆಗಲೇ ಹೋದ್ರು. ನಾಟಕ ಮುಗೀತು.”

“ಹೌದು” ಎಂದಳು, “ಮುಗೀತು.”

ಅಂಗೈ ತೆಗೆಯಲಿಲ್ಲ. ಬಗ್ಗಿದ ಬಾಟಲಿ ಬಗ್ಗಿದಂತೆಯೇ ನಿಂತಿತು. ಪೇಂಟರ್ ಒಮ್ಮೆ ಗಂಡನ ಮುಖ ನೋಡಿದ, ಒಮ್ಮೆ ಇವಳ ಮುಖ ನೋಡಿದ. ಇನ್ನೊಂದು ಪೆಗ್ಗಿಗೆ ಯಾರನ್ನು ಕೇಳಬೇಕೆಂದು ಅವನಿಗೆ ತಿಳಿಯಲಿಲ್ಲ.