ಚಂದ್ರಮತಿ ಆರಿಸಿದ ರೀಲು

“ಬಟನ್ ಒತ್ತಿದ್ರಾಯ್ತು. ಮೀನು ಅದರಷ್ಟಕ್ಕೇ ಮೇಲೆ ಬರ್ತದೆ,” ಎನ್ನುತ್ತ ಪುರಂದರ ಗಾಳದ ದಾರ ಸುತ್ತುವ, ಮೋಟಾರು ಕೂರಿಸಿದ ರೀಲನ್ನು ಹೆಂಡತಿಯ ಮುಂದೆ ಸರಿಸಿದ.

ಚಂದ್ರಮತಿ ಅದನ್ನು ಮುಟ್ಟಲಿಲ್ಲ. “ಅದರಷ್ಟಕ್ಕೇ ಬರುವುದಾದ್ರೆ ನಾನ್ಯಾಕೆ ವ್ಯಾಂಕೂವರ್‌ವರೆಗೆ ಹೋಗ್ಬೇಕು? ಇಲ್ಲೇ ಮಾರ್ಕೆಟ್ಟಿನಲ್ಲಿ ಐಸಿನ ಮೇಲೆ ಮಲಗಿರ್ತದೆ.”

ವ್ಯಾಂಕೂವರ್‌ನಲ್ಲಿರುವ ತಂಗಿ ಆಗಸ್ಟಿನಲ್ಲಿ ಸಾಲ್ಮನ್ ಹಿಡಿಯಲು ದೋಣಿಯಲ್ಲಿ ಕರೆದೊಯ್ಯುತ್ತೇನೆ ಎಂದಿದ್ದಳು. ಅದಕ್ಕೆ ತಕ್ಕ ರೀಲು ಕೊಂಡು, ಹೋಗುವ ಮೊದಲೇ ದುಬೈಯಲ್ಲಿ ಕೈ ಪಳಗಿಸಿಕೊಳ್ಳಬೇಕೆಂದು ಚಂದ್ರಮತಿ ಅಲ್ ಬರ್ಷಾದ ಈ ಅಂಗಡಿಗೆ ಬಂದಿದ್ದಳು. ಗಾಳ ಅವಳಿಗೆ ಹೊಸತಲ್ಲ. ರಜೆಯ ಬೆಳಿಗ್ಗೆ ಕಡಲ ಬದಿಯ ಬಂಡೆಗಳ ಮೇಲೆ ನಿಂತು ಅವಳು ಹಿಡಿದ ಮೀನನ್ನು ಅವರ ಇಡೀ ಬಿಲ್ಡಿಂಗ್ ತಿಂದಿದೆ. ಆದರೆ ಚಳಿಗಾಲದಲ್ಲಿ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡ ಮೇಲೆ ಗಾಳ ಮೂಲೆ ಸೇರಿತ್ತು. ಮೂಳೆ ಕೂಡಿದೆ, ಇನ್ನು ಕೈಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿಯಾಗಿತ್ತು. ಪುರಂದರ ಮಾತ್ರ ಕೊಟ್ಟಿರಲಿಲ್ಲ. ನೀರಿನ ಬಾಟಲಿಯ ಮುಚ್ಚಳ ಅವನೇ ತೆಗೆಯುತ್ತಿದ್ದ, ಕಿತ್ತಳೆ ಅವನೇ ಸುಲಿಯುತ್ತಿದ್ದ, ಅವಳು ಚಪಾತಿ ಲಟ್ಟಿಸಲು ನಿಂತರೆ ಲಟ್ಟಣಿಗೆ ಕಸಿದುಕೊಳ್ಳುತ್ತಿದ್ದ. ಅವನ ಚಪಾತಿಗಳನ್ನು ಅವಳು ಮಾತಿಲ್ಲದೆ ತಿಂದಿದ್ದಳು.

ಅಂಗಡಿಯ ಶೆಲ್ಡನ್, ಕುಂದಾಪುರದ ಕಡೆಯವ, ಇನ್ನೆರಡು ರೀಲುಗಳನ್ನು ಕೆಳಗಿಳಿಸಿದ.

“ಇದಕ್ಕೆ ಮೀಟರ್ ಉಂಟು ಆಂಟಿ. ಅಲ್ಲಿ ಭಾರದ ಸೀಸದ ಗುಂಡು ಇಳಿಸಿ, ಅದರ ಜೊತೆ ಗಾಳವನ್ನೂ ಆಳಕ್ಕೆ ಬಿಡ್ತಾರಲ್ಲ, ಎಷ್ಟು ದಾರ ಹೋಯ್ತು ಅಂತ ಇದು ತೋರಿಸ್ತದೆ. ಗೇರೂ ಉಂಟು, ಬೇಗ ಸುತ್ತಬಹುದು.”

ಚಂದ್ರಮತಿ ಅದರ ಹಿಡಿಕೆ ತಿರುಗಿಸಿ ನೋಡಿದಳು. ಹಿಡಿಕೆ ಬಲಕ್ಕಿತ್ತು. ನಾಲ್ಕು ಸುತ್ತಿಗೇ ಮಣಿಕಟ್ಟು ಚುಳ್ಳೆಂದಿತು. ಅವಳು ಮುಖದಲ್ಲಿ ಏನೂ ತೋರಿಸದೆ ಪಕ್ಕಕ್ಕಿಟ್ಟಳು. “ಇನ್ನೊಂದು?”

“ಅದು ಬರೀ ಚಕ್ರ. ಗೇರಿಲ್ಲ. ನೀವು ಒಂದು ಸುತ್ತು ತಿರುಗಿಸಿದ್ರೆ ಅದೂ ಒಂದೇ ಸುತ್ತು. ನಿಧಾನ, ಆದ್ರೆ ಕೈಗೆ ಹಗುರ. ಹಿಡಿಕೆ ಎಡಕ್ಕೆ ಮಾಡಿ ಕೊಡ್ತೇನೆ. ಒಂದೇ ತೊಂದ್ರೆ. ಮೀನು ಓಡಿದ್ರೆ ಹಿಡಿಕೆಯೂ ಹಿಂದಕ್ಕೆ ತಿರುಗ್ತದೆ. ಆಗ ಕೈ ತೆಗೀಲಿಲ್ಲಾಂದ್ರೆ ಬೆರಳ ಗಂಟಿಗೆ ಪೆಟ್ಟು.”

“ಖಲಾಸ್. ಅದು ಬೇಡವೇ ಬೇಡ,” ಎಂದ ಪುರಂದರ.

“ಅದನ್ನೇ ಕೊಡಿ, ನೋಡುವ,” ಎಂದಳು ಚಂದ್ರಮತಿ.

ಶೆಲ್ಡನ್ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ರೀಲನ್ನು ಒಂದು ಉದ್ದನೆಯ ಕೋಲಿಗೆ ಜೋಡಿಸಿ, ದಾರದ ತುದಿಯನ್ನು ದಪ್ಪ ಕ್ಯಾನ್ವಾಸ್ ಚೀಲದ ಹಿಡಿಗೆ ಕಟ್ಟಿ, ಅಂಗಡಿಯ ಹಿಂದಿನ ಪಾರ್ಕಿಂಗ್ ಜಾಗಕ್ಕೆ ಅವರನ್ನು ಕರೆದೊಯ್ದ. ಚೀಲವನ್ನು ಪುರಂದರನ ಕೈಗಿತ್ತು, “ಅಂಕಲ್, ನೀವು ಮೀನು,” ಎಂದ.

ಗೋದಾಮಿನ ಮ್ಯಾನೇಜರು ಪುರಂದರ, ಆಫೀಸಿನ ಷರಟು ಇನ್‌ ಮಾಡಿಕೊಂಡೇ, ಚೀಲ ಹಿಡಿದು ಕಾರುಗಳ ಸಾಲಿನ ಕೊನೆಯವರೆಗೆ ಹೋಗಿ ನಿಂತ. ಚಂದ್ರಮತಿ ಕೋಲಿನ ಬುಡವನ್ನು ಬಲಗಂಕುಳಲ್ಲಿ ಒತ್ತಿ ಹಿಡಿದು, ಎಡಗೈಯಲ್ಲಿ ಸುತ್ತತೊಡಗಿದಳು. ಪುರಂದರ ಸರಾಗವಾಗಿ ಬಂದ. ಅರ್ಧ ದಾರಿಯಲ್ಲಿ ಅವಳು ಕೈ ನಿಲ್ಲಿಸಿದಳು.

“ಯಾಕೆ, ನೋಯ್ತದಾ?”

“ದಾರ ಬಿಗಿಯೇ ಆಗ್ಲಿಲ್ಲ. ನೀವು ನಡ್ಕೊಂಡು ಬಂದದ್ದು.”

“ಎಳೆದೆ ಮಾರಾಯ್ತಿ, ಸ್ವಲ್ಪ.”

“ಎಳೆದಿಲ್ಲ.” ಅವಳ ದನಿ ಏರಲಿಲ್ಲ. “ಮನೆಯಲ್ಲೂ ಹೀಗೇ. ನಾನು ಕೈ ಚಾಚುವ ಮೊದಲೇ ಎಲ್ಲ ಬಂದು ಬಾಯಿಗೆ ಬೀಳ್ತದೆ. ಇನ್ನೂ ಎಷ್ಟು ದಿನ?”

ಪುರಂದರ ಚೀಲವನ್ನು ನೋಡುತ್ತ ನಿಂತ. “ನೀನು ಬಿದ್ದಾಗ ಆ ಕೈ ಯಾವ ಕಡೆ ತಿರುಗಿತ್ತು ಅಂತ ನೋಡಿದವ ನಾನು, ಚಂದ್ರಾ. ಕಣ್ಣಿಂದ ಹೋಗುವುದಿಲ್ಲ ಅದು.”

“ಅದನ್ನು ನೋಡಿದ್ದೀರಿ. ಇದನ್ನೂ ನೋಡಿ,” ಎಂದಳು ಚಂದ್ರಮತಿ ಮೆಲ್ಲಗೆ. “ಸರಿಯಾಗಿ ಓಡಿ.”

ಅವನು ತಿರುಗಿ ಓಡಿದ. ಚಕ್ರ ಗಿರ್ರೆಂದು ಹಿಂದಕ್ಕೆ ತಿರುಗಿತು. ಚಂದ್ರಮತಿ ಥಟ್ಟನೆ ಬೆರಳು ತೆಗೆದು, ಹಿಡಿಕೆಗೆ ತಾಗದಂತೆ ಅಂಗೈಯನ್ನು ಚಕ್ರದ ಅಂಚಿಗೆ ಒತ್ತಿದಳು. ದಾರ ಬಿಗಿಯಿತು, ಕೋಲು ಬಿಲ್ಲಾಯಿತು. ಪಿಕಪ್‌ನಲ್ಲಿ ಕುಳಿತು ಚಹಾ ಕುಡಿಯುತ್ತಿದ್ದ ಡ್ರೈವರೊಬ್ಬ ಕಿಟಕಿಯಿಂದ ತಲೆ ಹೊರಹಾಕಿ, “ಯಲ್ಲಾ, ಯಲ್ಲಾ,” ಎಂದು ಹುರಿದುಂಬಿಸಿದ. ಯಾರನ್ನು ಎಂದು ಗೊತ್ತಾಗಲಿಲ್ಲ. ಪುರಂದರ ತನ್ನನ್ನೇ ಎಂದುಕೊಂಡ. ಚಿಕ್ಕಂದಿನಲ್ಲಿ ಹಗ್ಗಜಗ್ಗಾಟದಲ್ಲಿ ಕೊನೆಯವನಾಗಿ ನಿಲ್ಲುತ್ತಿದ್ದವನು ಅವನು. ಹಿಮ್ಮಡಿ ಊರಿ, ಹಲ್ಲು ಕಚ್ಚಿ ಎಳೆದ. ಷರಟು ಹೊರಗೆ ಬಂತು. ಇವಳಿಗೆ ಸೋಲಬಾರದು ಎಂಬುದೊಂದನ್ನು ಬಿಟ್ಟು ಆ ಕ್ಷಣ ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಚಂದ್ರಮತಿ ಅವಸರ ಮಾಡಲಿಲ್ಲ. ಅವನು ಎಳೆದಾಗ ಬಿಟ್ಟಳು, ದಣಿದಾಗ ಸುತ್ತಿದಳು. ಮೊದಲು ಚೀಲ ಹಿಡಿದ ಅವನ ಕೈ ಮುಂದಕ್ಕೆ ಚಾಚಿತು, ಆಮೇಲೆ ಒಂದು ಕಾಲು ಬಂತು, ಅದರ ಹಿಂದೆ ಹೊಟ್ಟೆ. ಬೆವರಿನಲ್ಲಿ ತೊಯ್ದು, ಮುಖ ಕೆಂಪಾಗಿ, ಅವನು ಹತ್ತಿರ ಹತ್ತಿರ ಬರುತ್ತಿದ್ದ.

“ಸ್ವಲ್ಪ ಸಡಿಲ ಬಿಡು ಮಾರಾಯ್ತಿ,” ಎಂದ ಏದುಸಿರಿನಲ್ಲಿ. “ಉಸಿರು ತೆಕ್ಕೊಳ್ತೇನೆ.”

“ಮೀನು ಹಾಗೆಲ್ಲ ಕೇಳುವುದಿಲ್ಲ ಮಾರಾಯ್ರೆ,” ಎನ್ನುತ್ತ ಚಂದ್ರಮತಿ ನಗು ತಡೆಯಲಾರದೆ ಇನ್ನೊಂದು ಸುತ್ತು ತಿರುಗಿಸಿದಳು.