ಮಗ್ಗದ ಮನೆಯ ಓದು

ಮಧುಮತಿ ಮೈಕಿನ ಮುಂದೆ ನಿಂತು ಮೊದಲ ಸಾಲು ಓದಿದ್ದೇ ತಡ, ಸ್ಪೀಕರ್ ಕುಯ್ಯೆಂದು ಕಿರುಚಿತು. ಮುಂದೆ ಕೂತ ಅತಿಥಿಗಳು ಕಿವಿ ಮುಚ್ಚಿಕೊಂಡರು. ಹೆಡ್‌ಮಾಸ್ತರ ಚಿದಾನಂದ ಅವರು ದಡಬಡಿಸಿ ವೇದಿಕೆ ಹತ್ತಿ ಬಂದು, ಅತಿಥಿಗಳಿಗೆ ಕಾಣುವಂತೆ ನಗುತ್ತ, ಹುಡುಗಿಗೆ ಮಾತ್ರ ಕೇಳುವಂತೆ ಗದರಿಸಿದರು.

“ಮೆಲ್ಲಕ ಓದವಾ. ಮುಂದ ಮೈಕ್ ಐತಿ, ಇದೇನು ಸಂತಿ ಅಲ್ಲ.”

ಮೆಲ್ಲಗೆ ಓದುವುದನ್ನು ಐದನೇ ಇಯತ್ತೆಯ ಮಧುಮತಿ ಕಲಿತೇ ಇರಲಿಲ್ಲ. ಬನಹಟ್ಟಿಯ ಅವರ ಮನೆಯಲ್ಲಿ ಪಡಸಾಲೆಯ ತುಂಬ ಪವರ್‌ಲೂಮ್ ಮಗ್ಗಗಳು. ಕರೆಂಟು ಇರುವಷ್ಟು ಹೊತ್ತು ಖಟಪಟ ಖಟಪಟ. ಅಲ್ಲಿ ಉಪ್ಪು ಕೇಳುವುದಾದರೂ ಒದರಬೇಕು, ಗುಟ್ಟು ಹೇಳುವುದಾದರೂ ಒದರಬೇಕು. ಹೀಗಾಗಿ ಓಣಿಗೆ ಗೊತ್ತಿಲ್ಲದ ಗುಟ್ಟು ಆ ಮನೆಯಲ್ಲಿ ಒಂದೂ ಇರಲಿಲ್ಲ. ಆ ಮಗ್ಗಗಳ ನಡುವೆಯೇ ಮುದುಕಿಯಾದ ಅಜ್ಜಿ ಗುರುಬಸವ್ವ ಅರ್ಧಕ್ಕರ್ಧ ಕಿವುಡಿ. ಮಧುಮತಿಗೆ ಅವಳು ಆಯಿ. ಸಂಜೆ ಆಯಿ ನೂಲಿನ ಕಂಡಿಕೆ ಸುತ್ತುತ್ತ ಕೂತರೆ, ಮೊಮ್ಮಗಳು ಶಾಲೆಯ ಪುಸ್ತಕ ಹಿಡಿದು ಎದುರಿಗೆ ಕೂತು, ಮಗ್ಗದ ಸದ್ದಿಗೆ ಸಡ್ಡು ಹೊಡೆದು ಓದುವಳು. ಆಯಿಯನ್ನು ಬಿಟ್ಟು ಒಂದು ಸಾಲೂ ಮುಂದೆ ಓದುವುದಿಲ್ಲ ಎಂದು ಆಣೆ ಬೇರೆ ಮಾಡಿದ್ದಳು.

ಈ ಸಲದ್ದು ಹುಲಿಯ ಮನೆಗೆ ಮಗನಿಗಾಗಿ ಹೆಣ್ಣು ಕೇಳಲು ಹೋದ ಹೋತದ ಕಥೆ. ಹೋತ ರುಮಾಲು ಸುತ್ತಿಕೊಂಡು, ಕೊರಳಿಗೆ ಶಲ್ಯ ಹಾಕಿಕೊಂಡು, ಹುಲಿಯ ಬಾಗಿಲು ಬಡಿಯುವವರೆಗೆ ಅಜ್ಜಿ ಮೊಮ್ಮಗಳು ಬಂದಿದ್ದರು. ಅಷ್ಟರಲ್ಲಿ ಶಾಲೆಗೆ ‘ಓದುವ ಹಬ್ಬ’ ಬಂತು. ಹೆಡ್‌ಮಾಸ್ತರರು ಮಕ್ಕಳ ಕೈಯಲ್ಲಿದ್ದ ಪುಸ್ತಕಗಳನ್ನೆಲ್ಲ ವಾಪಸ್ ತರಿಸಿದರು. ಪ್ಲಾಸ್ಟಿಕ್ ಹೊದಿಸಿ, ಮೇಜಿನ ಮೇಲೆ ಜೋಡಿಸಿ, ಚೆಂಡುಹೂವಿನ ಮಾಲೆ ಹಾಕಿ, ‘ಯಾರೂ ಮುಟ್ಟಬಾರದು’ ಎಂದು ಚೀಟಿ ಅಂಟಿಸಿದರು. ಓದುವ ಹಬ್ಬದ ದೆಸೆಯಿಂದ ಓದುವುದೇ ನಿಂತುಹೋಯಿತು!

“ಹೋತಂದು ಏನಾತ ಬೇ?” ಎಂದು ಆಯಿ ಸಂಜೆಯಾದರೆ ಸಾಕು ಕೇಳುವಳು. ಓದಿ ಹೇಳಲು ಮಧುಮತಿಯ ಕೈಯಲ್ಲಿ ಪುಸ್ತಕವೇ ಇರಲಿಲ್ಲ. ಕೊನೆಗೆ ಹಬ್ಬದ ದಿನ ಓದುವವರು ಯಾರೆಂದು ಕೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿ, ಅದೇ ಪುಸ್ತಕ ಆರಿಸಿಕೊಂಡಳು. “ನಾಳಿ ಸಾಲಿಗೇ ಬಾ ಆಯಿ, ಅಲ್ಲೇ ಓದತೇನಿ” ಎಂದು ಕರೆದಿದ್ದಳು. ಆಯಿ ಕಂಡಿಕೆ ಬಿಟ್ಟು, ಟ್ರಂಕಿನ ಇಳಕಲ್ಲ ಸೀರೆ ಉಟ್ಟು ಬಂದು, ಕಟ್ಟಕಡೆಯ ಸಾಲಿನ ಬೆಂಚಿನ ಮೇಲೆ ಕಿವಿಗೆ ಅಂಗೈ ಹಚ್ಚಿಕೊಂಡು ಕೂತಿದ್ದಳು.

ಹೆಡ್‌ಮಾಸ್ತರರು ಗದರಿಸಿದ ಮೇಲೆ ಮಧುಮತಿ ದನಿ ತಗ್ಗಿಸಿ ಓದಿದಳು. ಅತಿಥಿಗಳು ತಲೆದೂಗಿದರು. ಸ್ಪೀಕರಿನ ಬಾಯಿಯೂ ಅವರ ಕಡೆಗೇ ಇತ್ತು. ಹಿಂದೆ ಆಯಿ ಅತ್ತ ಇತ್ತ ನೋಡಿ, ಉಳಿದವರು ನಕ್ಕಾಗ ತಾನೂ ನಗತೊಡಗಿದಳು. ಏನೂ ಕೇಳಿಸದಾಗ ಆಯಿ ನಗುವ ನಗು ಅದು. ಮಧುಮತಿಗೆ ಅದನ್ನು ನೋಡಲಾಗಲಿಲ್ಲ. ಓದುವುದನ್ನು ನಿಲ್ಲಿಸಿದಳು.

“ಸರ್, ಹಿಂಗ ಓದಿದ್ರ ನಮ್ಮ ಆಯಿಗಿ ಕೇಳೂದಿಲ್ರಿ.”

“ಆಯಿಗಿ ಮನ್ಯಾಗ ಓದಿ ಹೇಳು. ಇಲ್ಲಿ ಸಾಹೇಬರು ಕೇಳಾಕ ಬಂದಾರ.”

“ಮನ್ಯಾಗ ಹೆಂಗ ಓದ್ಲಿರಿ? ಪುಸ್ತಕ ನೀವು ಇಸ್ಕೊಂಡೀರಿ.”

ಮಕ್ಕಳ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೆಡ್‌ಮಾಸ್ತರರ ಮುಖ ಕೆಂಪಾಯಿತು. “ಬಾಯಿ ಭಾಳ ಆತು ನಿಂದು. ಪುಸ್ತಕ ಅಲ್ಲಿಟ್ಟು ಕೆಳಗ ಇಳಿ.”

ಮಧುಮತಿ ಕೆಳಗೆ ಇಳಿದಳು. ಪುಸ್ತಕ ಮಾತ್ರ ಇಡಲಿಲ್ಲ. ಕುರ್ಚಿಗಳ ನಡುವೆ ಹಾಯ್ದು ನೆಟ್ಟಗೆ ಕಡೆಯ ಸಾಲಿಗೆ ಹೋಗಿ, ಆಯಿಯ ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಾಗಿಲು ಬಡಿಯುವಲ್ಲಿಂದ ಮತ್ತೆ ಸುರುಮಾಡಿದಳು. ಈ ಸಲ ಮನೆಯ ದನಿಯಲ್ಲಿ.

“‘ಯಾರದು ನನ್ನ ಬಾಗಿಲು ಬಡಿಯುವವರು?’ ಎಂದು ಹುಲಿ ಗುಡುಗಿತು. ‘ನಾನು, ನಿಮ್ಮ ಬೀಗ!’ ಎಂದಿತು ಹೋತ.”

“ಎಲಾ ಇದರ!” ಎಂದು ಆಯಿ ತೊಡೆ ತಟ್ಟಿಕೊಂಡು ನಕ್ಕಳು. ಇದು ಕೇಳಿಸಿದ ನಗು. ಮಕ್ಕಳೆಲ್ಲ ತಿರುಗಿ ಕೂತರು. ಕುರ್ಚಿಯಲ್ಲಿದ್ದ ದೊಡ್ಡವರೂ ಕತ್ತು ಹೊರಳಿಸಿದರು. ಹುಲಿ ಚಿಲಕ ತೆಗೆಯಿತು, ಹೋತವನ್ನು ಮೇಲಿಂದ ಕೆಳಗೆ ನೋಡಿತು, ‘ಬರ್ರಿ ಬೀಗರ, ಊಟದ ಹೊತ್ತಿಗೇ ಬಂದೀರಿ’ ಎಂದಿತು. ಅಷ್ಟರಲ್ಲಿ ಹೆಡ್‌ಮಾಸ್ತರರು ಬಂದು ಪುಸ್ತಕದ ಮೇಲೆ ಕೈಯಿಟ್ಟರು.

“ಸಾಕು ಮಾಡು. ಕೊಡು ಇಲ್ಲಿ.”

ಮಧುಮತಿ ಪುಸ್ತಕವನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು. ಅವರು ಎಳೆದರು, ಇವಳು ಬಿಡಲಿಲ್ಲ. ಆಗ ಗುರುಬಸವ್ವ ಹೆಡ್‌ಮಾಸ್ತರರ ಮೊಣಕೈ ಹಿಡಿದಳು. ಮೆಲ್ಲಗೆ ಹೇಳುತ್ತಿದ್ದೇನೆ ಎಂದೇ ಅವಳು ತಿಳಿದಿದ್ದಳು. ಮಾತು ಗೇಟಿನ ಆಚೆ ನಿಂತ ಆಟೋದವನಿಗೂ ಕೇಳಿಸಿತು.

“ಒಂದೀಟು ತಡೀರಿ ಮಾಸ್ತರ. ಹುಲಿ ಹೆಣ್ಣು ಕೊಡತೈತೋ, ಹೋತನ್ನ ತಿಂತೈತೋ ತಿಳೀಲಿ. ಅವಸರಿದ್ರ ನೀವ ಹೇಳಿಬಿಡ್ರಿ, ಏನಾಗತೈತಿ ಮುಂದ?”

ಚಿದಾನಂದ ಮಾಸ್ತರರು ಪುಸ್ತಕದ ಮುಖಪುಟ ನೋಡಿದರು. ಅತಿಥಿಗಳ ಕಡೆ ನೋಡಿದರು. ಅತಿಥಿಗಳು ಕೊರಳಲ್ಲಿದ್ದ ಹಾರ ಸರಿಮಾಡಿಕೊಂಡರು. ಆಯಿ ಸರಿದು, ಪಕ್ಕದಲ್ಲಿ ಜಾಗ ಮಾಡಿದಳು.

“ಗೊತ್ತಿಲ್ಲೇನು? ಕುಂದರ್ರಿ ಹಂಗಾದ್ರ, ನೀವೂ ಕೇಳ್ರಿ.”